ಮಯೋರ್ಕಾದ ಸೈಕಲ್ ರಜೆ: ಕಿಲೋಮೀಟರಿಗೆ ಸಿಗದ ಲೆಕ್ಕ

ರಜೆಗೆ ಸೈಕಲ್ ಹೊಡೆಯಲೆಂದೇ ಸ್ಪೇನಿಗೆ ಹೋಗಿಬರುವ ಕನ್ನಡಿಗರು ಈಗ ಅಪರೂಪವೇನಲ್ಲ. ಬೆಂಗಳೂರಿನಿಂದ ಹೊರಡುವವರಿದ್ದಾರೆ, ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಕೆಲಸಕ್ಕಿದ್ದು ಈಸ್ಟರ್ ರಜೆಗೆ ಹೊರಡುವವರೂ ಇದ್ದಾರೆ. ಅವರು ಮಾಡಿಕೊಂಡ ಯೋಜನೆಯ ಹಾಳೆ ನೋಡಿದಾಗಲೆಲ್ಲ ಒಂದೇ ಸಂಗತಿ ಕಾಡುತ್ತದೆ. ಸೋಮವಾರ 95 ಕಿ.ಮೀ., ಮಂಗಳವಾರ 110, ಬುಧವಾರ ಹಗುರ ಅಂತ 60, ಗುರುವಾರ ಮತ್ತೆ 100. ಎಲ್ಲವೂ ಕಿಲೋಮೀಟರಿನಲ್ಲೇ. ಎಷ್ಟು ಮೀಟರ್ ಏರಬೇಕು, ಮಧ್ಯಾಹ್ನ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಪ್ರವಾಸಿ ಬಸ್ಸುಗಳು ಆ ದಾರಿಗೆ ಎಷ್ಟು ಹೊತ್ತಿಗೆ ಇಳಿಯುತ್ತವೆ, ಇವಕ್ಕೆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ. ಹೋಟೆಲ್ ಮಾತ್ರ ಎಲ್ಲಕ್ಕಿಂತ ಮೊದಲು ಬುಕ್ ಆಗಿರುತ್ತದೆ, ಕೋಣೆಯಿಂದ ಕಡಲು ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ.

ಮೆಡಿಟರೇನಿಯನ್ ದಡದಲ್ಲಿ ಬಿಸಿಲು, ಕಡಲು, ಬೆಟ್ಟ ಮೂರೂ ಒಂದೇ ದಿನದ ಸವಾರಿಯೊಳಗೆ ಸಿಗುವ ಜಾಗಗಳು ಹಲವು ಇವೆ. ನೀಸ್ ನಗರದ ಬೆನ್ನಿಗಿರುವ ಆಲ್ಪ್ಸ್ ಇದೆ, ಅಲಿಕಾಂತೆ ಕಡೆಯ ಕೋಸ್ತಾ ಬ್ಲಾಂಕಾ ಇದೆ. ಮೊದಲ ಸಲ ಹೋಗುವವರಿಗೆ ಸ್ಪೇನಿನ ಮಯೋರ್ಕಾ ದ್ವೀಪವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಡಾಂಬರು ಚೆನ್ನಾಗಿದೆ, ಕಾರಿನವರಿಗೆ ಸೈಕಲ್ಲಿನವರ ಅಭ್ಯಾಸವಿದೆ, ಕಡಲತೀರದ ಊರುಗಳಲ್ಲಿ ಸೈಕಲ್ ಅಂಗಡಿಗಳು ಬೇಕಾದಷ್ಟಿವೆ, ಬೆಟ್ಟ ಬೇಡವಾದ ದಿನ ಅಪ್ಪಟ ಬಯಲೂ ಇದೆ. ಆದರೆ ನಕ್ಷೆಯಲ್ಲಿ ಎಲ್ಲವೂ ಹತ್ತಿರ ಕಾಣುವುದರಿಂದ ಲೆಕ್ಕ ತಪ್ಪುವುದೂ ಅಲ್ಲೇ ಹೆಚ್ಚು. ಯೋಜನೆಯನ್ನು ಕಿಲೋಮೀಟರಿನಿಂದ ಶುರುಮಾಡದೆ ಬೆಟ್ಟದಿಂದ ಶುರುಮಾಡಿ: ದೊಡ್ಡ ಏರಿನ ದಿನ ಯಾವುದು, ಅದರ ಬುಡಕ್ಕೆ ಎಷ್ಟು ಗಂಟೆಗೆ ತಲುಪಬೇಕು, ಹಾಗೆ ತಲುಪಬೇಕಾದರೆ ಹಿಂದಿನ ರಾತ್ರಿ ಯಾವ ಊರಲ್ಲಿ ಮಲಗಿರಬೇಕು, ಸೈಕಲ್ಲಿಗೆ ಯಾವ ಗಿಯರ್ ಇರಬೇಕು. ಉಳಿದದ್ದನ್ನು ಆಮೇಲೆ ತುಂಬಿಸಬಹುದು.

ಮಲಗುವ ಊರು

ದ್ವೀಪದ ವಾಯವ್ಯ ಅಂಚಿನುದ್ದಕ್ಕೂ ನಿಂತಿರುವುದು ಸೆರ್ರಾ ದೆ ತ್ರಾಮುಂತಾನಾ, 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೆಟ್ಟಸಾಲು. ನೈಋತ್ಯದ ಆಂದ್ರಾಚ್‌ನಿಂದ ಈಶಾನ್ಯದ ಪೊಯೆನ್ಸಾವರೆಗೆ ಅದರ ಮೈಮೇಲೆ ಎಂಎ-10 ರಸ್ತೆ ಹೋಗುತ್ತದೆ, ಸುಮಾರು 110 ಕಿ.ಮೀ. ಅತಿ ಎತ್ತರದ ಶಿಖರ ಪುಯಿಗ್ ಮಜೋರ್, 1,445 ಮೀಟರ್. ತುದಿ ಸೇನೆಯ ವಶದಲ್ಲಿರುವುದರಿಂದ ಸಾರ್ವಜನಿಕ ರಸ್ತೆ ಸುಮಾರು 850 ಮೀಟರಿನ ಸುರಂಗದವರೆಗೆ ಮಾತ್ರ ಏರುತ್ತದೆ. ಬೆಟ್ಟಸಾಲಿನ ಆಗ್ನೇಯಕ್ಕೆ ದ್ವೀಪದ ನಡುಭಾಗದ ಬಯಲು. ಅಲ್ಲಿ ಬಾದಾಮಿ ಮತ್ತು ಆಲಿವ್ ತೋಟಗಳು, ಸುಣ್ಣ-ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳ ನಡುವೆ ಕಿರಿದಾದ ಹಳ್ಳಿ ರಸ್ತೆಗಳು.

ಈಶಾನ್ಯದ ಪೋರ್ಟ್ ದೆ ಪೊಯೆನ್ಸಾದಲ್ಲಿ ಉಳಿದರೆ ಆರೇಳು ಕಿ.ಮೀ. ಸಮತಟ್ಟು ದಾಟಿ ಪೊಯೆನ್ಸಾ ಊರು, ಅದರಾಚೆ ಕೋಲ್ ದೆ ಫೆಮೆನಿಯಾದ ಏರು (ಕೋಲ್ ಎಂದರೆ ಬೆಟ್ಟ ದಾಟುವ ಘಾಟಿ). ಕಾಲು ಬಿಸಿಯಾಗುವಷ್ಟು ಬಯಲು ಸಿಗುತ್ತದೆ, ಬೇಸರವಾಗುವಷ್ಟಲ್ಲ. ಅಲ್ಲಿಂದ ದಕ್ಷಿಣಕ್ಕೆ ಅಲ್ಕೂದಿಯಾ ದಾಟಿ ಪ್ಲಾಯಾ ದೆ ಮುರೋದಲ್ಲಿ ಹೋಟೆಲ್ ದೊಡ್ಡದು, ಮರಳ ತೀರವೂ ಉದ್ದ. ಆದರೆ ಬೆಟ್ಟದ ದಿನವೆಲ್ಲ ಹೋಗುವಾಗ 15 ಕಿ.ಮೀ., ಬರುವಾಗ 15 ಕಿ.ಮೀ. ಹೆಚ್ಚಿಗೆ ತುಳಿಯಬೇಕು. ಬರುವಾಗಿನ ಆ 15 ಮಧ್ಯಾಹ್ನದ ಕಡಲಗಾಳಿಯಲ್ಲಿ. ಅದರ ಮಾತು ಮುಂದಿದೆ. ಬಯಲಿನ ಸವಾರಿಯೇ ಹೆಚ್ಚು ಬೇಕು, ಬೆಟ್ಟ ಒಂದು ದಿನ ಸಾಕು ಎನ್ನುವವರಿಗೆ ಮುರೋ ಒಳ್ಳೆಯದೇ. ಪಾಲ್ಮಾ ಕೊಲ್ಲಿಯ ಹೋಟೆಲ್‌ಗಳು ವಿಮಾನ ನಿಲ್ದಾಣಕ್ಕೆ ಹತ್ತಿರ, ಆದರೆ ದಿನವೂ ನಗರದ ಟ್ರಾಫಿಕ್ಕಿನಲ್ಲಿ ನುಸುಳಿ ಹೊರಬರಬೇಕು. ಸೋಯೆರ್ ಬೆಟ್ಟಗಳ ನಡುವಿನ ಬಟ್ಟಲಿನಂಥ ಕಣಿವೆ. ಕಿತ್ತಳೆ ತೋಟದ ಊರು, ನೋಡಲು ಬಲು ಚೆಂದ. ಅಲ್ಲಿಂದ ಯಾವ ಕಡೆ ಹೊರಟರೂ ಏರು, ವಿಶ್ರಾಂತಿಯ ದಿನವೂ ಏರು. ಪಾಲ್ಮಾ ಕಡೆಗಿನ ಸೋಯೆರ್ ಸುರಂಗದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. 496 ಮೀಟರಿನ ಕೋಲ್ ದೆ ಸೋಯೆರ್ ಹತ್ತಿ ಇಳಿಯುವ ಹಳೆಯ ರಸ್ತೆಯೇ ಗತಿ. ಹತ್ತು ದಿನ ಸಿಕ್ಕವರು ಮೊದಲ ಆರು ದಿನ ಪೊಯೆನ್ಸಾ ಕಡೆ, ಕೊನೆಯ ನಾಲ್ಕು ಸೋಯೆರ್‌ನಲ್ಲಿ ಕಳೆಯಬಹುದು. ಒಂದೇ ವಾರವಿದ್ದರೆ ಊರು ಬದಲಿಸಬೇಡಿ, ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಒಂದು ದಿನ ಹೋಗುತ್ತದೆ.

ಹೋಟೆಲ್‌ನವರನ್ನು ಕೇಳಬೇಕಾದದ್ದು ಕಡಲು ಕಾಣುತ್ತದೆಯೇ ಎಂದಲ್ಲ. ಬೀಗ ಹಾಕುವ ಸೈಕಲ್ ಕೋಣೆ ಇದೆಯೇ, ತಿಂಡಿ ಏಳಕ್ಕೆ ಶುರುವಾಗುತ್ತದೆಯೇ ಎಂಟಕ್ಕೆಯೇ, ಒಗೆದ ಬಟ್ಟೆ ಒಣಗಿಸಲು ಜಾಗವಿದೆಯೇ ಎಂದು. ತಿಂಡಿ ಎಂಟಕ್ಕೆ ಎಂದರೆ ನೀವು ಹೊರಡುವುದು ಒಂಬತ್ತಕ್ಕೆ, ಬೆಟ್ಟದ ಬುಡ ಸೇರುವುದು ಬಸ್ಸುಗಳ ಜತೆಗೆ.

ಸಾ ಕಲೋಬ್ರಾ, ಹತ್ತಿರದಿಂದ

ಮಯೋರ್ಕಾಕ್ಕೆ ಹೋದವರೆಲ್ಲ ಹತ್ತಬೇಕೆಂದುಕೊಳ್ಳುವ ರಸ್ತೆ ಇದು. 1930ರ ದಶಕದ ಆರಂಭದಲ್ಲಿ ಇಂಜಿನಿಯರ್ ಆಂತೋನಿಯೊ ಪರಿಯೆತ್ತಿ ಇದನ್ನು ರೂಪಿಸಿದರು. ಫೋರ್ಮೆಂಟೋರ್ ಭೂಶಿರದ ರಸ್ತೆಯೂ ಅವರದೇ. ಕೆಳಗಿರುವುದು ಒಂದು ಪುಟ್ಟ ಬಂದರು ಮಾತ್ರ, ರಸ್ತೆ ಅಲ್ಲಿಗೇ ಮುಗಿಯುತ್ತದೆ. ಬೆಟ್ಟಕ್ಕೆ ಸುರಂಗ ಕೊರೆಯದೆ, ಇಳಿಜಾರಿನ ಮೈಗೆ ಒಪ್ಪುವಂತೆ ರಸ್ತೆಯನ್ನು ಮಡಚಿ ಮಡಚಿ ಇಳಿಸಿದ್ದಾರೆ. ಒಂದು ಕಡೆ ಅದು 270 ಡಿಗ್ರಿ ಸುತ್ತಿ ತನ್ನ ಕೆಳಗೆ ತಾನೇ ನುಸುಳುತ್ತದೆ. ಅಲ್ಲಿನವರು ಅದನ್ನು ಕರೆಯುವುದು ಟೈ ಗಂಟು ಎಂದು. ಕಡಲಮಟ್ಟದಿಂದ 682 ಮೀಟರಿನ ಕೋಲ್ ಡೆಲ್ಸ್ ರೇಯ್ಸ್‌ವರೆಗೆ 9.4 ಕಿ.ಮೀ., ಸರಾಸರಿ ಏರು ಶೇ. 7. ಹೆಚ್ಚಿನ ದೂರ ಈ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ, ಅಲ್ಲಲ್ಲಿ ಶೇ. 10 ದಾಟುತ್ತದೆ.

ನಂದಿ ಬೆಟ್ಟದ ಏರೂ ಸುಮಾರು ಎಂಟು ಕಿ.ಮೀ. ತಾನೇ, ಅದನ್ನು ಹತ್ತಿದವರಿಗೆ ಇದೇನು ಮಹಾ ಎಂದು ಬೆಂಗಳೂರಿನವರು ಕೇಳುತ್ತಾರೆ. ಹತ್ತುವ ಶಕ್ತಿಯ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ. ಆದರೆ ನಂದಿಯಲ್ಲಿ ಹತ್ತಿದ ಮೇಲೆ ಇಳಿಜಾರು, ಆಮೇಲೆ ಬಯಲು, ಆಮೇಲೆ ಮನೆ. ಸಾ ಕಲೋಬ್ರಾದಲ್ಲಿ ಮೊದಲು ಇಳಿಯಬೇಕು. ಇಳಿದ ಮೇಲೆ ರಸ್ತೆಯಲ್ಲಿ ವಾಪಸು ಬರಲು ಅದೇ ಏರು ಬಿಟ್ಟು ಬೇರೆ ದಾರಿಯಿಲ್ಲ. ಬಂದರಿನಿಂದ ಪೋರ್ಟ್ ದೆ ಸೋಯೆರ್‌ಗೆ ಪ್ರವಾಸಿ ದೋಣಿ ಇರುವುದು ನಿಜ, ಆದರೆ ಕಡಲು ಒರಟಾದ ದಿನ ಅದು ಹೊರಡುವುದಿಲ್ಲ, ಸೈಕಲ್ ಹತ್ತಿಸಿಕೊಳ್ಳುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಅದೂ ಅಲ್ಲದೆ ಅಲ್ಲಿಗೆ ತಲುಪುವ ಹೊತ್ತಿಗೆ ಫೆಮೆನಿಯಾದ ಏಳೂವರೆ ಕಿ.ಮೀ. ಏರು ನಿಮ್ಮ ಕಾಲಿನಲ್ಲಿ ಕೂತಿರುತ್ತದೆ. ಮೇಲೆ ಬಂದ ಮೇಲೆ ಪೋರ್ಟ್ ದೆ ಪೊಯೆನ್ಸಾದ ಹೋಟೆಲ್‌ಗೆ ಇನ್ನೂ ಮೂವತ್ತೈದು ಕಿ.ಮೀ.ಗಿಂತ ಹೆಚ್ಚು ಉಳಿದಿರುತ್ತದೆ.

ಈಗ ಗಿಯರಿನ ಲೆಕ್ಕ. ಸವಾರರ ತೂಕ 70 ಕೆ.ಜಿ., ಸೈಕಲ್ 9, ನೀರು-ಬಟ್ಟೆ-ಪಂಪು ಸೇರಿ 3, ಒಟ್ಟು 82 ಕೆ.ಜಿ. ಅಂದುಕೊಳ್ಳಿ. ಇಷ್ಟನ್ನು 670 ಮೀಟರ್ ಎತ್ತಲು ಸುಮಾರು 540 ಕಿಲೋಜೂಲ್ ಬೇಕು. ಟೈರಿನ ಉಜ್ಜು, ಗಾಳಿ, ಚೈನಿನ ನಷ್ಟ ಎಲ್ಲ ಸೇರಿಸಿದರೆ 600ರ ಹತ್ತಿರ. ಒಂದು ತಾಸು ಬಿಡದೆ 180 ವಾಟ್ ಕೊಡಬಲ್ಲವರು, ಅಂದರೆ ವಾರಾಂತ್ಯ ತಪ್ಪದೆ ಸೈಕಲ್ ತುಳಿಯುವವರು, ಸುಮಾರು 55 ನಿಮಿಷದಲ್ಲಿ ಮೇಲೆ ಬರುತ್ತಾರೆ. ವೇಗ ಗಂಟೆಗೆ ಹತ್ತು ಕಿ.ಮೀ. ಮುಂದೆ 34 ಹಲ್ಲಿನ ಚೈನ್‌ರಿಂಗ್, ಹಿಂದೆ ದೊಡ್ಡ ಹಲ್ಲುಚಕ್ರ 28 ಇದ್ದರೆ ಆ ವೇಗದಲ್ಲಿ ಪೆಡಲ್ ನಿಮಿಷಕ್ಕೆ 67 ಸುತ್ತು ಬರುತ್ತದೆ. ಹಿಂದೆ 34 ಇದ್ದರೆ 81. ಶೇ. 11ರ ತುಂಡಿನಲ್ಲಿ ವೇಗ ಏಳಕ್ಕೆ ಇಳಿಯುತ್ತದೆ. ಆಗ 28ರ ಚಕ್ರದಲ್ಲಿ 46 ಸುತ್ತು, 34ರಲ್ಲಿ 56. 46 ಸುತ್ತೆಂದರೆ ಪ್ರತಿ ತುಳಿತಕ್ಕೂ ಮೈಯೆಲ್ಲ ಭಾರ ಹಾಕಬೇಕು, ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗುವುದು ಹೀಗೆ. ಅಂಥದ್ದೊಂದು ದಿನ ತಡೆಯಬಹುದು. ಮೂರನೇ ದಿನ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ಬಾಡಿಗೆ ಸೈಕಲ್ ಬುಕ್ ಮಾಡುವಾಗ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) 11-34 ಇದೆಯೇ ಎಂದು ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಬಲಾಢ್ಯರಿಗೂ ಇದು ಬೇಕು, ನಾಚಿಕೆಯ ವಿಷಯವಲ್ಲ.

ಇಳಿಯುವಾಗಿನ ಸಂಗತಿ ಬೇರೆಯದೇ. ಬ್ರೇಕನ್ನು ಸಣ್ಣದಾಗಿ ಒತ್ತಿಹಿಡಿದುಕೊಂಡೇ ಹತ್ತು ಕಿ.ಮೀ. ಇಳಿದರೆ ಡಿಸ್ಕ್ ಕಾದು ಹಿಡಿತ ಸಡಿಲವಾಗುತ್ತದೆ. ಕಾರ್ಬನ್ ರಿಮ್ ಬ್ರೇಕ್ ಆದರೆ ರಿಮ್ಮೇ ಹಾಳಾಗಬಹುದು. ನೇರ ತುಂಡಿನಲ್ಲಿ ಬಿಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಹೊರಬನ್ನಿ. ಕೈ ಹ್ಯಾಂಡಲ್ಲಿನ ಕೆಳಗೆ ಬಾಗಿದ ಭಾಗದಲ್ಲಿ ಇರಲಿ, ಅಲ್ಲಿಂದ ಒತ್ತಿದರೆ ಕಡಿಮೆ ಬಲಕ್ಕೆ ಹೆಚ್ಚು ಬ್ರೇಕ್ ಸಿಗುತ್ತದೆ, ಬೆರಳೂ ಸೋಲುವುದಿಲ್ಲ. ರಸ್ತೆಗೆ ಅಡ್ಡ ಬರುವ ಕಾಡು ಆಡುಗಳನ್ನು ಮರೆಯಬೇಡಿ. ತಿರುವಿನಾಚೆ ನಿಂತಿದ್ದರೆ ಮೊದಲು ಸಿಗುವ ಗುರುತು ಡಾಂಬರಿನ ಮೇಲಿನ ಹಿಕ್ಕೆ.

ಬಂದರಿಗೆ ಇನ್ನು ಸ್ವಲ್ಪ ದೂರವಿರುವಾಗ ರಸ್ತೆ ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಹಾಯುತ್ತದೆ. ಒಂದು ದೊಡ್ಡ ಬಸ್ಸು ಅದರೊಳಗೆ ಬಂತೆಂದರೆ ಪಕ್ಕದಲ್ಲಿ ಮನುಷ್ಯ ನಿಲ್ಲುವಷ್ಟೂ ಜಾಗ ಉಳಿಯುವುದಿಲ್ಲ. ಬಸ್ಸಿನ ಚಾಲಕರು ಆಚೆಯೇ ನಿಂತು, ಎದುರಿನವರಿಗೆ ದಾರಿ ಬಿಟ್ಟು, ಕನ್ನಡಿಯ ಅಂಚು ಕಲ್ಲಿಗೆ ತಾಗದಂತೆ ಅಂಗುಲ ಅಂಗುಲ ಒಳಗೆ ನುಗ್ಗಿಸುತ್ತಾರೆ. ಹಿಂದೆ ಕಾರುಗಳ ಸಾಲು, ಸಾಲಿನ ಅಂಚಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಂತ ಸೈಕಲ್ಲಿನವರು. ಬೆಳಗಿನ ಹೊತ್ತಿನ ಅರ್ಧ ಇಲ್ಲೇ ಕಳೆದುಹೋಗುತ್ತದೆ. ಮೇಲಿನ ತಿರುವುಗಳಲ್ಲೂ ಬಸ್ಸಿಗೆ ರಸ್ತೆಯ ಎರಡೂ ಪಾಲು ಬೇಕು. ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಇಳಿಯುವ ಸುಖ ಹೋಯಿತು, ಎದುರಿಗೆ ಸಿಕ್ಕರೆ ಅಪಾಯ. ಪ್ರವಾಸಿ ಬಸ್ಸುಗಳು ಬೆಳಗಿನ ಮಧ್ಯಭಾಗದಲ್ಲಿ ಇಳಿಯತೊಡಗುತ್ತವೆ, ಮಧ್ಯಾಹ್ನದ ನಂತರ ಏರುತ್ತವೆ. ಆದ್ದರಿಂದ ನೀವು ಹತ್ತು ಗಂಟೆಗೆ ಮುಂಚೆ ಕೋಲ್ ಡೆಲ್ಸ್ ರೇಯ್ಸ್ ದಾಟಿ ಇಳಿಯತೊಡಗಬೇಕು.

ಅಲ್ಲಿಂದ ಹಿಂದಕ್ಕೆ ಎಣಿಸಿ. ಕೋಲ್ ಡೆಲ್ಸ್ ರೇಯ್ಸ್‌ಗೆ ಲ್ಯುಕ್ ಮಠದ ಬಳಿಯ ಪೆಟ್ರೋಲ್ ಬಂಕಿನಿಂದ ಸುಮಾರು ಹತ್ತು ಕಿ.ಮೀ., ಮುಕ್ಕಾಲು ಗಂಟೆ. ಆ ಬಂಕಿನ ಪಕ್ಕದ ಕೆಫೆ ಇಡೀ ಬೆಟ್ಟಸಾಲಿನ ಸೈಕಲ್ಲಿನವರು ಸೇರುವ ಜಾಗ. ಗೋಡೆಗೆ, ಕಂಬಿಗೆ, ಒಂದಕ್ಕೊಂದು ಒರಗಿಸಿಟ್ಟ ಸೈಕಲ್ಲುಗಳ ಸಾಲು, ಹೆಲ್ಮೆಟ್ ಬಿಚ್ಚದೆಯೇ ಕಾಫಿ ಕುಡಿಯುವ ಜನ. ಅಲ್ಲಿಗೆ ಒಂಬತ್ತಕ್ಕೆ ಸೇರಬೇಕಾದರೆ ಪೋರ್ಟ್ ದೆ ಪೊಯೆನ್ಸಾ ಬಿಡುವುದು ಏಳಕ್ಕೆ, ಆ ದಿನ ಹೋಟೆಲ್ ತಿಂಡಿಗೆ ಕಾಯುವಂತಿಲ್ಲ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ ಏಳರ ಆಸುಪಾಸಿಗೆ, ಹಿಂದಿನ ದೀಪ ಹಚ್ಚಿಕೊಂಡು ಹೊರಡಿ.

ಇಡೀ ದಿನಕ್ಕೆ ಹಿಡಿಯುವ ಹೊತ್ತಿಗೆ ಒಂದು ಸುಲಭ ಸೂತ್ರವಿದೆ: ಏರಿಕೆಯ ಮೀಟರನ್ನು 600ರಿಂದ ಭಾಗಿಸಿದರೆ ಹತ್ತುವ ತಾಸುಗಳು ಬರುತ್ತವೆ. ಏರಲ್ಲದ ದೂರವನ್ನು 25ರಿಂದ ಭಾಗಿಸಿ ಅದಕ್ಕೆ ಸೇರಿಸಿ. ನಿಲ್ಲುವುದಕ್ಕೆ ಒಂದು ತಾಸು ಇಡಿ. ಸಾ ಕಲೋಬ್ರಾದ ದಿನ ಸುಮಾರು 95 ಕಿ.ಮೀ., ಏರಿಕೆ 2,000 ಮೀಟರಿನ ಆಸುಪಾಸು. ಹತ್ತಲು ಮೂರು ತಾಸು ಇಪ್ಪತ್ತು ನಿಮಿಷ, ಉಳಿದ ಅರವತ್ತು ಕಿ.ಮೀ.ಗೆ ಎರಡೂವರೆ, ವಿಶ್ರಾಂತಿ ಒಂದು: ಹತ್ತಿರ ಹತ್ತಿರ ಏಳು ತಾಸು. ಬಯಲಿನ ಸಿನೇವ್ ಊರಿಗೆ ಹೋಗಿಬರುವ 95 ಕಿ.ಮೀ. ವಿಶ್ರಾಂತಿಯೂ ಸೇರಿ ಐದು ತಾಸಿನ ಕೆಲಸ. ಹಾಳೆಯಲ್ಲಿ ಎರಡಕ್ಕೂ ಒಂದೇ ಅಂಕಿ.

ಗಾಳಿ, ಚಳಿ, ತಿಂಗಳು

ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಒಳ್ಳೆಯ ಕಾಲ, ಅಕ್ಟೋಬರ್ ಎರಡನೆಯದು. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನ 31 ಡಿಗ್ರಿ ದಾಟುತ್ತದೆ, ರಸ್ತೆಯಲ್ಲಿ ಬಾಡಿಗೆ ಕಾರುಗಳೇ ಕಾರು; ಆಗ ಬೇಡ. ಬೆಂಗಳೂರಿನವರಿಗೆ 31 ಡಿಗ್ರಿ ಹೆಚ್ಚೇನೂ ಅಲ್ಲ ಎನಿಸಬಹುದು, ಆದರೆ ಗಾಳಿ ಹಾಯದ ಸುಣ್ಣಕಲ್ಲಿನ ಇಳಿಜಾರು ಬಿಸಿಲನ್ನು ವಾಪಸು ಮುಖಕ್ಕೇ ಎರಚುತ್ತದೆ. ಶರತ್ಕಾಲದ ಮಳೆ ಬಂದರೆ ಜೋರಾಗಿ ಬರುತ್ತದೆ, ಅಕ್ಟೋಬರಿಗೆ ಹೋಗುವವರು ಎರಡು ದಿನ ಖಾಲಿ ಇಟ್ಟುಕೊಳ್ಳಬೇಕು. ಏಪ್ರಿಲ್ ಕೊನೆಯ ವಾರ ಮಯೋರ್ಕಾ 312 ಎಂಬ ದೊಡ್ಡ ಸವಾರಿ ನಡೆಯುತ್ತದೆ, ಹೆಸರೇ ಹೇಳುವಂತೆ 312 ಕಿ.ಮೀ. ಅದರಲ್ಲಿ ಭಾಗವಹಿಸದವರಿಗೆ ಆ ವಾರ ಹೋಟೆಲ್ ದುಬಾರಿ, ಒಳ್ಳೆಯ ಬಾಡಿಗೆ ಸೈಕಲ್ ಸಿಗುವುದೂ ಕಷ್ಟ.

ಉತ್ತರದಿಂದ ಬೀಸುವ ಗಾಳಿಗೂ ತ್ರಾಮುಂತಾನಾ ಎಂದೇ ಹೆಸರು. ಅದು ಎದ್ದ ದಿನ ಫೋರ್ಮೆಂಟೋರ್ ಭೂಶಿರಕ್ಕೆ ಹೋಗಕೂಡದು. ರಸ್ತೆ ಬಂಡೆಯ ಅಂಚಿನಲ್ಲೇ ಹೋಗುತ್ತದೆ, ತಿರುವು ದಾಟಿದ ತಕ್ಷಣ ಗಾಳಿ ಪಕ್ಕದಿಂದ ಗುದ್ದುತ್ತದೆ, ಎತ್ತರದ ರಿಮ್ಮಿನ ಮುಂಚಕ್ರವಿದ್ದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ನೋಡಲು ಚೆಂದವಿದೆ ಎಂದು 50 ಮಿ.ಮೀ. ರಿಮ್ ಆರಿಸಬೇಡಿ, 35 ಸಾಕು.

ಜನ ಗಮನಿಸದ ಇನ್ನೊಂದು ಗಾಳಿ ಎಂಬಾತ್, ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಏಳುವ ಕಡಲಗಾಳಿ. ನೆಲ ಕಾದು ಗಾಳಿ ಮೇಲೇರಿದಂತೆ ಕಡಲ ಕಡೆಯಿಂದ ತಂಪುಗಾಳಿ ಒಳನಾಡಿಗೆ ನುಗ್ಗುತ್ತದೆ, ಅಲ್ಕೂದಿಯಾ ಕೊಲ್ಲಿಯಲ್ಲಿ ಈಶಾನ್ಯದಿಂದ, ಪಾಲ್ಮಾ ಕೊಲ್ಲಿಯಲ್ಲಿ ನೈಋತ್ಯದಿಂದ. ಅಂದರೆ ಒಳನಾಡಿನ ಸಿನೇವ್, ಪೆಟ್ರಾ ಕಡೆಗೆ ಹೋಗಿ ಮಧ್ಯಾಹ್ನ ಎರಡಕ್ಕೆ ಅಲ್ಕೂದಿಯಾಕ್ಕೆ ವಾಪಸಾಗುವವರಿಗೆ ಕೊನೆಯ 30 ಕಿ.ಮೀ. ಪೂರ್ತಿ ಎದುರುಗಾಳಿ. ಬಯಲಿನ ದಿನ ಹಗುರ ದಿನ ಎಂದು ತಿಳಿದು ಬೆಳಗ್ಗೆ ಜೋರಾಗಿ ತುಳಿದವರು ಇಲ್ಲಿ ಸೋಲುತ್ತಾರೆ. ಹನ್ನೆರಡರೊಳಗೆ ವಾಪಸು ತಿರುಗಿ, ಇಲ್ಲವೇ ಇಬ್ಬರು-ಮೂವರು ಸೇರಿ ಒಬ್ಬರ ಹಿಂದೊಬ್ಬರು ಸರದಿಯಲ್ಲಿ ಗಾಳಿ ಒಡೆಯುತ್ತ ಬನ್ನಿ.

ಎತ್ತರಕ್ಕೆ ಹೋದಂತೆ ಪ್ರತಿ ನೂರು ಮೀಟರಿಗೆ ಅರ್ಧ ಡಿಗ್ರಿಗಿಂತ ಹೆಚ್ಚು ತಂಪು. ಕಡಲ ಬಳಿ 19 ಇದ್ದರೆ ಪುಯಿಗ್ ಮಜೋರ್ ಸುರಂಗದ ಬಳಿ 13-14, ಬೆವರಿನಲ್ಲಿ ನೆನೆದ ಅಂಗಿಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಇಳಿಯುವಾಗ ಅದು ನಡುಗಿಸುವ ಚಳಿ. ಬೆರಳು ಮರಗಟ್ಟಿದರೆ ಬ್ರೇಕ್ ಒತ್ತಲಾಗುವುದಿಲ್ಲ, ಚಳಿಗಿಂತ ದೊಡ್ಡ ತೊಂದರೆ ಅದು. ತೋಳಿಲ್ಲದ ಗಾಳಿತಡೆ ಜಾಕೆಟ್, ತೋಳುಚೀಲ, ತೆಳು ಕೈಗವಸು ಮೂರೂ ಜೇಬಿನಲ್ಲಿ ಇರಲಿ. ಹಾಕಿಕೊಳ್ಳುವುದು ತುದಿ ತಲುಪಿದ ಕೂಡಲೇ, ಮೈ ಆರಿದ ಮೇಲಲ್ಲ.

ಎಡ-ಬಲ

ನಮ್ಮಲ್ಲಿ ಬೈಕಿನ ಬಲಗೈ ಹಿಡಿ ಮುಂದಿನ ಬ್ರೇಕು, ಸೈಕಲ್ಲಿನಲ್ಲೂ ಹೆಚ್ಚಿನ ಕಡೆ ಹಾಗೇ. ಸ್ಪೇನಿನಲ್ಲಿ ಸಾಮಾನ್ಯವಾಗಿ ಬಲಗೈಗೆ ಹಿಂದಿನ ಬ್ರೇಕ್, ಎಡಗೈಗೆ ಮುಂದಿನದು. ಸಮಾಧಾನದ ಹೊತ್ತಿನಲ್ಲಿ ಇದು ನೆನಪಿರುತ್ತದೆ. ಆಡು ಅಡ್ಡ ಬಂದಾಗ ಕೈ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ, ಹಗುರವಾಗಿ ಒತ್ತಬೇಕಾದ ಮುಂದಿನ ಬ್ರೇಕ್ ಪೂರ್ತಿ ಕಚ್ಚಿಕೊಂಡು ಸವಾರ ಹ್ಯಾಂಡಲ್ ಮೇಲಿನಿಂದ ಹಾರುತ್ತಾನೆ. ಮಯೋರ್ಕಾದ ಅಂಗಡಿಗಳಿಗೆ ಬ್ರಿಟಿಷ್ ಗಿರಾಕಿಗಳು ಹೆಚ್ಚಾಗಿರುವುದರಿಂದ ಬಲಗೈಗೆ ಮುಂದಿನ ಬ್ರೇಕ್ ಬೇಕೆಂದರೆ ಅರ್ಥವಾಗುತ್ತದೆ. ಆದರೆ ಹೈಡ್ರಾಲಿಕ್ ಬ್ರೇಕ್ ಅದಲುಬದಲು ಮಾಡುವುದು ಎಣ್ಣೆ ಕೊಳವೆ ಬಿಚ್ಚಿ ಮಾಡುವ ಕೆಲಸ, ಅಂಗಡಿ ಬಾಗಿಲಲ್ಲಿ ನಿಂತು ಕೇಳಿದರೆ ಆಗುವುದಿಲ್ಲ. ಬುಕ್ ಮಾಡುವಾಗಲೇ ಹೇಳಿ. ಹೇಗೇ ಇರಲಿ, ಸೈಕಲ್ ಕೈಗೆ ಬಂದ ಸಂಜೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಇಪ್ಪತ್ತು ನಿಮಿಷ ಬರೀ ನಿಲ್ಲಿಸುವುದನ್ನೇ ಅಭ್ಯಾಸ ಮಾಡಬೇಕು: ಮೊದಲು ನಿಧಾನಕ್ಕೆ, ಆಮೇಲೆ ವೇಗದಿಂದ, ಒಂದೊಂದೇ ಕೈಯಿಂದ.

ರಸ್ತೆಯ ಬಲಬದಿಯಲ್ಲಿ ಹೋಗುವುದು ಟ್ರಾಫಿಕ್ ಇರುವಾಗ ಕಷ್ಟವಲ್ಲ, ಎದುರಿನವರೇ ನೆನಪಿಸುತ್ತಾರೆ. ತಪ್ಪುವುದು ಖಾಲಿ ಹಳ್ಳಿ ರಸ್ತೆಯಲ್ಲಿ ಕಾಫಿ ಮುಗಿಸಿ ಮತ್ತೆ ಹೊರಟಾಗ. ವೃತ್ತಗಳಲ್ಲಿ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಬೇಕು, ಹಿಂದೆ ನೋಡುವುದು ಎಡ ಭುಜದ ಮೇಲಿನಿಂದ. ಸ್ಪೇನಿನ ಕಾಯ್ದೆ ಸೈಕಲ್ಲಿನವರ ಕಡೆಗಿದೆ: ಕಾರು ಒಂದೂವರೆ ಮೀಟರ್ ಬಿಟ್ಟು ಹಿಂದಿಕ್ಕಬೇಕು, ಇಬ್ಬರು ಅಕ್ಕಪಕ್ಕ ಹೋಗಬಹುದು, ಗುಂಪಿನ ಮೊದಲಿಗರು ವೃತ್ತಕ್ಕೆ ನುಗ್ಗಿದರೆ ಇಡೀ ಗುಂಪನ್ನು ಒಂದೇ ವಾಹನವೆಂದು ಕಾಣುತ್ತಾರೆ. ಪ್ರತಿಯಾಗಿ ಊರಾಚೆ ಹೆಲ್ಮೆಟ್ ಕಡ್ಡಾಯ, ಕಿವಿಗೆ ಇಯರ್‌ಫೋನ್ ನಿಷಿದ್ಧ. ಫೋರ್ಮೆಂಟೋರ್ ದಾರಿಯಲ್ಲೂ ಪುಯಿಗ್ ಮಜೋರ್ ದಾರಿಯಲ್ಲೂ ಸುರಂಗಗಳಿವೆ, ಹಗಲಿಗೂ ಹಿಂದೆ-ಮುಂದೆ ದೀಪ ಇರಲೇಬೇಕು. ಮಾರ್ಗ ಹಾಕುವ ಆ್ಯಪ್‌ಗಳು ಕೆಲವೊಮ್ಮೆ ತೋಟದ ಜಲ್ಲಿ ದಾರಿಗೆ ಕಳಿಸುತ್ತವೆ. ಎಂಎ-13 ಮೋಟಾರುದಾರಿಯಲ್ಲಿ ಸೈಕಲ್ಲಿಗೆ ಅವಕಾಶವಿಲ್ಲ. ಹಿಂದಿನ ರಾತ್ರಿ ಇಡೀ ಗೆರೆಯನ್ನು ದೊಡ್ಡದು ಮಾಡಿ ನೋಡಿ.

ಸೈಕಲ್ ಒಯ್ಯುವುದೋ, ಬಾಡಿಗೆಯೋ

ಬೆಂಗಳೂರಿನಿಂದ ಒಂದು ವಾರಕ್ಕೆ ಹೋಗುವುದಾದರೆ ಬಾಡಿಗೆಯೇ ಸರಿ. ಎರಡು ವಿಮಾನ ಬದಲಿಸುವ ದಾರಿಯಲ್ಲಿ ಪೆಟ್ಟಿಗೆ ಒಂದು ದಿನ ತಡವಾದರೂ ರಜೆಯ ಏಳರಲ್ಲೊಂದು ಪಾಲು ಹೋಯಿತು. ಯುರೋಪಿನಲ್ಲೇ ಇರುವವರು, ಎರಡು ವಾರ ಉಳಿಯುವವರು ತಮ್ಮದನ್ನೇ ಒಯ್ಯಬಹುದು. ಆಗ ಹಿಂದೆ ಗಿಯರ್ ಬದಲಿಸುವ ಡಿರೇಲರನ್ನು, ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಲೋಹದ ತುಂಡಿನಿಂದ ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಬದಿಗೆ ಕಟ್ಟಿ. ಪೆಟ್ಟಿಗೆ ಬಿದ್ದಾಗ ಮೊದಲು ಬಾಗುವುದು ಆ ಹ್ಯಾಂಗರ್. ಅದರ ಇನ್ನೊಂದು ಬಿಡಿ ನಿಮ್ಮ ಚೌಕಟ್ಟಿಗೆ ಒಪ್ಪುವಂಥದ್ದು ಜತೆಗಿರಲಿ, ಅಲ್ಲಿನ ಅಂಗಡಿಯಲ್ಲಿ ಅದೇ ಸಿಗುವ ಭರವಸೆಯಿಲ್ಲ. ಚಕ್ರ ತೆಗೆದ ಮೇಲೆ ಬ್ರೇಕ್ ಕ್ಯಾಲಿಪರಿನೊಳಗೆ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿ. ಇಲ್ಲದಿದ್ದರೆ ದಾರಿಯಲ್ಲಿ ಹಿಡಿ ಒತ್ತಿ ಪಿಸ್ಟನ್ ಹೊರಬಂದು, ಡಿಸ್ಕ್ ಒಳಗೆ ಹೋಗುವುದಿಲ್ಲ. ಸೀಟಿನ ಕಂಬಕ್ಕೆ ಎತ್ತರದ ಗುರುತಾಗಿ ಟೇಪ್ ಸುತ್ತಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 160 ವಾಟ್-ಅವರ್ ಮೀರಿದ ಇ-ಬೈಕ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ.

ಬಾಡಿಗೆಯಾದರೆ ನಿಮ್ಮ ಅಳತೆ ನಿಮ್ಮ ಹತ್ತಿರ ಇರಬೇಕು. ಪೆಡಲಿನ ತೋಳುಗಳೆರಡೂ ಸುತ್ತುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಮೈವರೆಗೆ ಎಷ್ಟು ಮಿ.ಮೀ., ಸೀಟಿನ ಮೂತಿಯಿಂದ ಹ್ಯಾಂಡಲ್ ನಡುವಿಗೆ ಎಷ್ಟು, ಇವೆರಡನ್ನು ಟೇಪ್ ಹಿಡಿದು ಫೋಟೊ ತೆಗೆದುಕೊಳ್ಳಿ. ಪೆಡಲ್ ಮತ್ತು ಶೂ ಮನೆಯಿಂದಲೇ ಒಯ್ಯಿರಿ, ಸೀಟನ್ನೂ ಒಯ್ದರೆ ಇನ್ನೂ ಒಳ್ಳೆಯದು, ಅರ್ಧ ಕೆ.ಜಿ. ಕೂಡ ಇರುವುದಿಲ್ಲ. ಎಡ ಪೆಡಲಿನ ತಿರುಪಿನ ಮರೆ ತಿರುಗುಮುರುಗು ಎಂಬುದು ನೆನಪಿರಲಿ. ಸೈಕಲ್ ತೆಗೆದುಕೊಳ್ಳುವಾಗ ಬ್ರೇಕ್ ಪ್ಯಾಡಿನ ದಪ್ಪ ನೋಡಿ. ಪ್ಯಾಡ್ ಹೊಸದಾಗಿದ್ದರೆ ಹದಿನೈದಿಪ್ಪತ್ತು ಸಲ ವೇಗದಿಂದ ನಿಧಾನಕ್ಕೆ ತಂದು ಪಳಗಿಸಿದ ಮೇಲೆಯೇ ಬೆಟ್ಟಕ್ಕೆ ಒಯ್ಯಿರಿ. 28 ಮಿ.ಮೀ. ಟೈರು, 70-75 ಕೆ.ಜಿ. ತೂಕಕ್ಕೆ 70 ಪಿಎಸ್‌ಐ ಆಸುಪಾಸಿನ ಗಾಳಿ ಸಾಕು. ಹುಕ್‌ಲೆಸ್ ರಿಮ್ (ಟೈರಿನ ಅಂಚು ಹಿಡಿಯುವ ಕೊಕ್ಕೆಯಿಲ್ಲದ್ದು) ಆಗಿದ್ದರೆ 72 ಮೀರಲೇಬಾರದು, ಟೈರು ರಿಮ್ಮಿನಿಂದ ಕಳಚಬಹುದು. ಮೊದಲೇ ಇರುವ ಗೀರುಗಳ ಫೋಟೊ ಅಂಗಡಿಯವರ ಎದುರಿಗೇ ತೆಗೆಯಿರಿ.

ಊಟ, ಕಾಗದಪತ್ರ

ತಾಸಿಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಹಸಿವಾಗುವ ಮುಂಚೆಯೇ. ಒಂದು ಬಾಳೆಹಣ್ಣು 25 ಗ್ರಾಂ, 40 ಗ್ರಾಂ ಸಕ್ಕರೆ ಕದಡಿದ ಒಂದು ಬಾಟಲಿ ನೀರು ಸೇರಿದರೆ ಲೆಕ್ಕ ಸರಿಯಾಯಿತು. ಮನೆಯಿಂದ ಕಡಲೆಕಾಯಿ ಚಿಕ್ಕಿ ಒಯ್ದರೆ ಎನರ್ಜಿ ಜೆಲ್‌ಗಿಂತ ರುಚಿ, ಬಿಸಿಲಿಗೆ ಕರಗುವುದೂ ಇಲ್ಲ. ತುಪ್ಪ, ಖೋವಾದಂಥ ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ, ಅವು ಬೇಡ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು: ಪ್ರತಿ ಬೇಕರಿಯಲ್ಲೂ ಕಾಣುವ, ಸಕ್ಕರೆ ಉದುರಿಸಿದ ಸುರುಳಿ ಬನ್ನು ಎನ್ಸಾಯ್ಮಾದಾ ಹಂದಿ ಕೊಬ್ಬಿನಲ್ಲಿ ಮಾಡುವಂಥದ್ದು. ಬದಲಿಗೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದ ಬ್ರೆಡ್ಡು, ಪಾ ಅಂಬ್ ಓಲಿ, ಎಲ್ಲೆಡೆ ಸಿಗುತ್ತದೆ. ಮೇಲೆ ಹ್ಯಾಮ್ ಹಾಕಬೇಡಿ ಎಂದು ಹೇಳಿ. ಬದನೆ, ಆಲೂಗಡ್ಡೆ, ದೊಣ್ಣೆಮೆಣಸು ಹುರಿದು ಟೊಮೆಟೊ ಗೊಜ್ಜಿನಲ್ಲಿ ಬೇಯಿಸುವ ತುಂಬೆಟ್ ಅಲ್ಲಿನದೇ ಅಡುಗೆ, ಸಂಜೆಗೆ ಹೊಟ್ಟೆತುಂಬ. ಭಾನುವಾರ ಹಲವು ಅಂಗಡಿಗಳು ಮುಚ್ಚಿರುತ್ತವೆ, ಹಣ್ಣು-ಬ್ರೆಡ್ಡು ಶನಿವಾರವೇ ತಂದಿಡಿ.

ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ. ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ. ವೀಸಾಕ್ಕೆಂದು ಕೊಳ್ಳುವ ಅಗ್ಗದ ವಿಮೆಯಲ್ಲಿ ಸೈಕಲ್ ಸವಾರಿಯ ಗಾಯ ಸೇರಿದೆಯೇ ಎಂದು ಷರತ್ತುಗಳನ್ನು ಓದಿ. ತುರ್ತಿಗೆ ಸಂಖ್ಯೆ 112.

ದಿನಗಳ ಸರದಿ

ಬಂದ ದಿನ ಸೈಕಲ್ ಪಡೆದು ಬ್ರೇಕ್ ಅಭ್ಯಾಸ, ಅಲ್ಕೂದಿಯಾ ಸುತ್ತ ಇಪ್ಪತ್ತೈದು ಕಿ.ಮೀ. ಮರುದಿನ ಬಯಲು. ಅದು ಬುಧವಾರವಾದರೆ ಸಿನೇವ್‌ನ ವಾರದ ಸಂತೆಯ ದಿನ. ಸಂತೆ ನೋಡಬೇಕಾದರೆ ಹೋಗಿ, ಇಲ್ಲವಾದರೆ ಆ ಊರು ತಪ್ಪಿಸಿ ಪೆಟ್ರಾ ಚೌಕದಲ್ಲಿ ಕಾಫಿ ಕುಡಿದು ಬನ್ನಿ. ಮೂರನೇ ದಿನ ಫೋರ್ಮೆಂಟೋರ್ ದೀಪಸ್ತಂಭ. ಹೋಗಿಬರಲು 40 ಕಿ.ಮೀ. ಅಷ್ಟೇ, ಆದರೆ ಏರಿಳಿತ ನಿಲ್ಲುವುದೇ ಇಲ್ಲ. ಎಂಟರೊಳಗೆ ಹೊರಟರೆ ಕಾರುಗಳಿಗಿಂತ ಮುಂದಿರುತ್ತೀರಿ. ನಾಲ್ಕನೇ ದಿನ ಫೆಮೆನಿಯಾ ಹತ್ತಿ, ಲ್ಯುಕ್‌ನಲ್ಲಿ ನೀರು ತುಂಬಿಸಿ, ಕೈಮಾರಿ ಊರಿಗೆ ಇಳಿಯುವ ಎಂಟು ಕಿ.ಮೀ. ಇಳಿಜಾರು. ಸರಾಸರಿ ಶೇ. 5, ಇಳಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ರಸ್ತೆಯಿಲ್ಲ. ತಿರುವಿನಲ್ಲಿ ಕೈ ನಡುಗಿದರೆ, ಮಂಡಿ ನೋವು ಕಂಡರೆ ಇಲ್ಲೇ ಗೊತ್ತಾಗುತ್ತದೆ. ಅಂಗಡಿಗೆ ಹೋಗಿ ಸೀಟು ಸರಿಮಾಡಿಸಲು ಇನ್ನೂ ಹೊತ್ತಿದೆ. ಐದನೇ ದಿನ ಎರಡು ತಾಸಿನ ಹಗುರ ಸವಾರಿ, ಉಳಿದ ಹೊತ್ತು ಕಡಲು. ಸಾ ಕಲೋಬ್ರಾ ಆರನೇ ದಿನಕ್ಕೆ.

ಏಳನೇ ದಿನವನ್ನು ಖಾಲಿ ಬಿಡಿ. ಆರನೇ ದಿನ ತ್ರಾಮುಂತಾನಾ ಬೀಸಿದರೆ, ಮಳೆ ಬಂದು ಹಳೆಯ ನುಣುಪು ಡಾಂಬರು ಜಾರತೊಡಗಿದರೆ, ಸಾ ಕಲೋಬ್ರಾವನ್ನು ಒಂದು ದಿನ ಮುಂದಕ್ಕೆ ಹಾಕಬಹುದು. ಗಾಳಿಯ ಮುನ್ಸೂಚನೆಯನ್ನು ನಾಲ್ಕನೇ ದಿನದ ಸಂಜೆ ಒಮ್ಮೆ, ಐದನೆಯ ದಿನದ ರಾತ್ರಿ ಇನ್ನೊಮ್ಮೆ ನೋಡಿ ತೀರ್ಮಾನಿಸಿ. ಬಾಡಿಗೆ ಸೈಕಲ್ಲನ್ನು ಏಳನೇ ದಿನದ ಸಂಜೆಯವರೆಗೆ ಇಟ್ಟುಕೊಳ್ಳುವಂತೆ ಬುಕ್ ಮಾಡಿ, ವಾಪಸು ವಿಮಾನ ಎಂಟನೇ ದಿನಕ್ಕೇ ಇರಲಿ.